ಶೇಕಡ ಲೆಕ್ಕ ಬಿಡಿ, ಗುರಿಗಳ ಪಟ್ಟಿ ನೋಡಿ

ನಿಮ್ಮ ಕಾಗದದಲ್ಲಿ ಸಿಟ್ಟೂ ಇದೆ, ನ್ಯಾಯವೂ ಇದೆ. 615 ಕೋಟಿ ರೂಪಾಯಿಯ ಚಂದ್ರಯಾನ-3 ಹದಿನಾಲ್ಕೇ ದಿನ ದುಡಿದು ಮಲಗಿತು, ಇಷ್ಟಕ್ಕೇ ಹೋಗಿದ್ದಾ ಎಂದು ಕೇಳಿದ್ದೀರಿ. 2019ರಲ್ಲಿ ಚಂದ್ರಯಾನ-2ರ ಲ್ಯಾಂಡರ್ (ಚಂದ್ರನ ಮೇಲೆ ಇಳಿಯುವ ನೌಕೆ) ಬಿದ್ದಾಗಲೂ ‘ಶೇ 90ರಿಂದ 95ರಷ್ಟು ಗುರಿ ಮುಟ್ಟಿದ್ದೇವೆ’ ಎಂದು ಇಸ್ರೊ ಹೇಳಿದ್ದು, ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನೋ ಥರ ಅಲ್ವಾ ಎಂದೂ ಬರೆದಿದ್ದೀರಿ.

ಮೊದಲು ಹದಿನಾಲ್ಕು ದಿನದ ವಿಷಯ. ಅದು ಹೊರಡುವ ಮೊದಲೇ ಬರೆದಿಟ್ಟ ಲೆಕ್ಕ. ಲ್ಯಾಂಡರ್ ಮತ್ತು ರೋವರ್ (ಇಳಿದ ಮೇಲೆ ಅಲ್ಲಿ ಓಡಾಡುವ ಪುಟ್ಟ ಗಾಡಿ) ಎರಡಕ್ಕೂ ಬಿಸಿಲಿನಿಂದಲೇ ಕರೆಂಟ್. ಚಂದ್ರನ ಒಂದು ಹಗಲು ನಮ್ಮ ಸುಮಾರು ಹದಿನಾಲ್ಕು ದಿನ. ಆಮೇಲೆ ಅಷ್ಟೇ ಉದ್ದದ ರಾತ್ರಿ, ಮೈನಸ್ 100 ಡಿಗ್ರಿಗಿಂತಲೂ ಕೆಳಗಿನ ಚಳಿ. ಅದನ್ನು ತಡೆಯುವ ಹಾಗೆ ಅವನ್ನು ಮಾಡಿರಲೇ ಇಲ್ಲ. ಬೆಳಗಾದ ಮೇಲೆ ಎಬ್ಬಿಸಲು ನೋಡಿದರು, ಏಳಲಿಲ್ಲ. ಎದ್ದಿದ್ದರೆ ಅದು ಮೇಲುಲಾಭ, ಅಷ್ಟೇ.

ಬರೆದಿಟ್ಟಿದ್ದ ಗುರಿ ಮೂರೇ: ಮೆತ್ತಗೆ ಇಳಿಯುವುದು, ರೋವರ್ ಓಡಿಸುವುದು, ಇಳಿದ ಜಾಗದಲ್ಲೇ ಪ್ರಯೋಗ ಮಾಡುವುದು. 2023ರ ಆಗಸ್ಟ್ 23ರಂದು ಮೊದಲನೆಯದು ಆಯಿತು. ಉಳಿದೆರಡೂ ಆದವು. ಮಣ್ಣಿನಲ್ಲಿ ಗಂಧಕ ಇರುವುದನ್ನು ರೋವರ್ ಅಲ್ಲೇ ಪತ್ತೆ ಮಾಡಿತು. ನನಗೆ ಇದಕ್ಕಿಂತ ಖುಷಿ ಕೊಟ್ಟಿದ್ದು ಪಟ್ಟಿಯಲ್ಲಿ ಇಲ್ಲದ ಒಂದು ಕೆಲಸ. ಮಲಗಿಸುವ ಮುಂಚೆ ಲ್ಯಾಂಡರಿನ ಇಂಜಿನ್ ಮತ್ತೆ ಹಚ್ಚಿ, ಸುಮಾರು 40 ಸೆಂಟಿಮೀಟರ್ ಮೇಲಕ್ಕೆ ನೆಗೆಸಿ, ಪಕ್ಕದಲ್ಲೇ ಇಳಿಸಿದರು. ಮೊಳಕ್ಕೂ ಕಡಿಮೆ! ಆದರೆ ಮುಂದೆ ಚಂದ್ರಯಾನ-4 ಅಲ್ಲಿಯ ಮಣ್ಣು ತರಬೇಕಾದರೆ ಅಲ್ಲಿಂದ ಮೇಲೇಳಲು ಬರಬೇಕಲ್ಲ. ಬಾಹ್ಯಾಕಾಶದಲ್ಲಿ ಒಂದು ನೌಕೆಗೆ ಇನ್ನೊಂದನ್ನು ಜೋಡಿಸಲೂ ಬರಬೇಕು. 2025ರ ಜನವರಿ 16ರಂದು ಸ್ಪೇಡೆಕ್ಸ್ ಎಂಬ ಪ್ರಯೋಗದಲ್ಲಿ ಎರಡು ಪುಟ್ಟ ಉಪಗ್ರಹಗಳನ್ನು ಜೋಡಿಸಿದ್ದು ಆ ಪಾಠವನ್ನೇ ಕಲಿಯಲು. ನಮ್ಮ ಯಾನಗಳಲ್ಲಿ ಎಷ್ಟೋ ಹೀಗೇ, ಮುಂದಿನದಕ್ಕೆ ಬೇಕಾದ ವಿದ್ಯೆ ಕಲಿಯುವುದೇ ದೊಡ್ಡ ಗುರಿ. ಮಂಗಳಯಾನವನ್ನೂ ಮುಖ್ಯವಾಗಿ ತಂತ್ರಜ್ಞಾನ ತೋರಿಸುವ ಯಾನ ಎಂದೇ ಕರೆದಿದ್ದರು. 1,300 ಕಿಲೋ ದಾಟಿದ ನೌಕೆಯಲ್ಲಿ ವಿಜ್ಞಾನದ ಉಪಕರಣಗಳು ಸುಮಾರು 15 ಕಿಲೋ ಮಾತ್ರ. ಅದರಿಂದ ಮಹಾ ಸಂಶೋಧನೆ ಏನಾಯಿತು ಎಂದು ಕೇಳುವವರು ಈ ಲೆಕ್ಕ ನೋಡಿರುವುದಿಲ್ಲ.

ಇನ್ನು ಮೀಸೆಯ ವಿಷಯ. ಇಲ್ಲಿ ನಾನು ಅರ್ಧ ನಿಮ್ಮ ಕಡೆ. ಚಂದ್ರಯಾನ-2ರ ಆರ್ಬಿಟರ್, ಅಂದರೆ ಚಂದ್ರನನ್ನು ಸುತ್ತುವ ನೌಕೆ, ನಿಜವಾಗಿಯೂ ಗಟ್ಟಿ ಕೆಲಸ ಮಾಡಿತು. ಒಂದು ವರ್ಷ ಬಾಳಬೇಕಿದ್ದದ್ದು ಎಷ್ಟೋ ವರ್ಷ ಬಾಳಿತು, ಚಂದ್ರಯಾನ-3 ಇಳಿಯುವ ಜಾಗ ಆರಿಸಲು ಚಿತ್ರ ಕೊಟ್ಟಿತು. ಆದರೆ ಅವತ್ತು ರಾತ್ರಿ ದೇಶ ನಿದ್ದೆಗೆಟ್ಟು ಕಾದಿದ್ದು ಇಳಿಯುವುದನ್ನು ನೋಡಲು. ಅದು ಆಗಲಿಲ್ಲ. ಎರಡನ್ನೂ ಕಲಸಿ ಒಂದು ಶೇಕಡ ಮಾಡಿದರೆ ಏನು ತಿಳಿಯುತ್ತದೆ? ಯಾವ ಗುರಿಗೆ ಎಷ್ಟು ತೂಕ ಎಂದು ಯಾರಿಗೆ ಗೊತ್ತು? ಇದು ಆಯಿತು, ಇದು ಆಗಲಿಲ್ಲ ಎಂದು ಒಂದೊಂದಾಗಿ ಹೇಳಿದ್ದರೆ ಸಾಕಿತ್ತು. ಒಳಗೆ ಮಾತ್ರ ಅವರು ಹಾಗೇ ನೋಡಿಕೊಂಡಿದ್ದಾರೆ ಅನ್ನುವುದಕ್ಕೆ ಚಂದ್ರಯಾನ-3 ಸಾಕ್ಷಿ. ಹಿಂದೆ ಇಳಿಯಲು ಗುರುತಿಸಿದ್ದ ಜಾಗ 500 ಮೀಟರ್ ಉದ್ದ, 500 ಮೀಟರ್ ಅಗಲ. ಈ ಸಲ ಅದನ್ನು 4 ಕಿಲೋಮೀಟರಿಗೆ 2.4 ಕಿಲೋಮೀಟರಿನಷ್ಟು ಹಿಗ್ಗಿಸಿದರು. ಕಾಲುಗಳನ್ನು ಗಟ್ಟಿ ಮಾಡಿದರು, ಇಂಧನ ಜಾಸ್ತಿ ತುಂಬಿದರು.

ಮನುಷ್ಯರನ್ನೇ ಬಾಹ್ಯಾಕಾಶಕ್ಕೆ ಕಳಿಸುವ ಗಗನಯಾನದಲ್ಲಿ ಈ ಶೇಕಡ ಲೆಕ್ಕ ನಡೆಯುವುದಿಲ್ಲ ಎಂದು ನೀವು ಕೊನೆಯಲ್ಲಿ ಬರೆದದ್ದು ಸರಿ. 400 ಕಿಲೋಮೀಟರ್ ಎತ್ತರಕ್ಕೆ ಹೋದವರು ಸಮುದ್ರಕ್ಕೆ ಇಳಿದು ಹುಷಾರಾಗಿ ದಡ ಸೇರಬೇಕು. ಅದಕ್ಕೇ 2023ರ ಅಕ್ಟೋಬರಿನಲ್ಲಿ ಪರೀಕ್ಷಿಸಿದ್ದು, ರಾಕೆಟ್ ಕೈಕೊಟ್ಟರೆ ಅದರಿಂದ ಪಾರಾಗುವ ವ್ಯವಸ್ಥೆಯನ್ನು, ಯಾನಿಗಳು ಕೂರುವ ಕೋಶವನ್ನು ಖಾಲಿ ಇಟ್ಟುಕೊಂಡು.

– ಸಂಪಾದಕ