ಕರ್ನಾಟಕ ಸಂಗೀತ ಬಿಟ್ಟು ಬೇರೇನೂ ಗೊತ್ತಿಲ್ಲ, ಡೊನೌಎಶಿಂಗನ್ ಉತ್ಸವಕ್ಕೆ ಹೋದರೆ ಏನಾದರೂ ತಲೆಗೆ ಹತ್ತುತ್ತಾ?

ನೀವು ಜರ್ಮನಿಯ ಫ್ರೈಬರ್ಗ್‌ನಲ್ಲಿ ಓದುತ್ತಿದ್ದೀರಿ, ಗೆಳೆಯರು ಡೊನೌಎಶಿಂಗನ್ ಎಂಬ ಸಣ್ಣ ಊರಿನ ಹೊಸ ಪಾಶ್ಚಾತ್ಯ ಸಂಗೀತದ ಉತ್ಸವಕ್ಕೆ ಕರೆಯುತ್ತಿದ್ದಾರೆ, ದುಡ್ಡು ದಂಡವಾಗುತ್ತದೇನೋ ಅಂತ ನಿಮಗೆ ಅಳುಕು. ಹೋಗಿ ಬನ್ನಿ. ಅಲ್ಲಿ ನುಡಿಸುವುದರಲ್ಲಿ ಬಹುಪಾಲು ಅವತ್ತೇ ಮೊದಲ ಸಲ ಜನರ ಕಿವಿಗೆ ಬೀಳುವ ಕೃತಿಗಳು. ಪಕ್ಕದ ಕುರ್ಚಿಯ ವಿಮರ್ಶಕರೂ ಅದನ್ನು ಮೊದಲು ಕೇಳಿರುವುದಿಲ್ಲ. ಬೀಥೊವನ್ ಕಚೇರಿಗೆ ಹೋದರೆ ಅನಿಸುವ 'ನನಗೊಬ್ಬನಿಗೇ ಗೊತ್ತಿಲ್ಲ' ಎನ್ನುವ ಸಂಕೋಚಕ್ಕೆ ಇಲ್ಲಿ ಜಾಗವಿಲ್ಲ.

ಉತ್ಸವ ಶುರುವಾದದ್ದು 1921ರಲ್ಲಿ. ಹೊಸ ಸಂಗೀತಕ್ಕೆಂದೇ ಇರುವ ಉತ್ಸವಗಳಲ್ಲಿ ಇದೇ ಎಲ್ಲಕ್ಕಿಂತ ಹಳೆಯದು ಎನ್ನುತ್ತಾರೆ. ಊರಿನ ಫ್ಯೂರ್ಸ್ಟನ್‌ಬರ್ಗ್ ರಾಜಮನೆತನ ಬೆನ್ನಿಗೆ ನಿಂತಿತ್ತು. ಆಗಿನ್ನೂ ಇಪ್ಪತ್ತೈದರ ತರುಣನಾಗಿದ್ದ ಜರ್ಮನ್ ಸಂಯೋಜಕ ಹಿಂಡೆಮಿತ್ ಹೆಸರು ಮಾಡಿದ್ದು ಅಲ್ಲೇ. ಯುದ್ಧದ ನಂತರ, 1950ರಿಂದ, ತನ್ನದೇ ಆರ್ಕೆಸ್ಟ್ರಾ ಇದ್ದ ಆ ಭಾಗದ ರೇಡಿಯೊ ಸಂಸ್ಥೆ ಜೊತೆಯಾಯಿತು. ಅದಕ್ಕೇ ಇಷ್ಟು ಸಣ್ಣ ಊರಿಗೆ ದೊಡ್ಡ ಆರ್ಕೆಸ್ಟ್ರಾ ಬಂದು ನುಡಿಸುತ್ತದೆ.

ಜನ ಸುಮ್ನೆ ಕೂತು ಚಪ್ಪಾಳೆ ತಟ್ಟಿ ಎದ್ದು ಹೋಗುತ್ತಾರೆ ಅಂದುಕೊಳ್ಳಬೇಡಿ. 1951ರಲ್ಲಿ ಫ್ರೆಂಚ್ ಸಂಯೋಜಕ ಬುಲೇಜ್ ಅವರ 'ಪಾಲಿಫೊನಿ ಎಕ್ಸ್' ನುಡಿಸಿದಾಗ ಸಭೆಯಲ್ಲಿ ಶಿಳ್ಳೆ, ಕೂಗಾಟ. ಆಮೇಲೆ ಅವರು ಆ ಕೃತಿಯನ್ನೇ ವಾಪಸ್ ತೆಗೆದುಕೊಂಡರು. ಹತ್ತು ವರ್ಷ ಬಿಟ್ಟು, 1961ರಲ್ಲಿ ಹಂಗೇರಿ ಮೂಲದ ಸಂಯೋಜಕ ಲಿಗೆಟಿ ಅವರ 'ಅಟ್ಮಾಸ್ಫಿಯರ್ಸ್' ಮುಗಿದಾಗ ಜನ ಇನ್ನೊಮ್ಮೆ ನುಡಿಸಿ ಎಂದರು, ನುಡಿಸಿದರು ಕೂಡ.

ಹೋಗುವ ಮೊದಲು ಆ 'ಅಟ್ಮಾಸ್ಫಿಯರ್ಸ್' ಕೇಳಿ. ಕುಬ್ರಿಕ್ ಅವರ ಬಾಹ್ಯಾಕಾಶದ ಸಿನಿಮಾ '2001: ಎ ಸ್ಪೇಸ್ ಒಡಿಸ್ಸಿ' ನೋಡಿದ್ದರೆ ಗೊತ್ತಿಲ್ಲದೆ ಆಗಲೇ ಕೇಳಿರುತ್ತೀರಿ. ಅದರಲ್ಲಿ ಗುನುಗುವಂಥ ಧಾಟಿ ಇಲ್ಲ, ಕೈಯಲ್ಲಿ ಹಾಕುವಂಥ ತಾಳ ಇಲ್ಲ. ಪಿಟೀಲಿನವರೆಲ್ಲ ಒಂದೇ ಸಾಲು ನುಡಿಸುವ ಬದಲು ಒಬ್ಬೊಬ್ಬರಿಗೂ ಬೇರೆ ಬೇರೆ ಸಾಲು. ಎಲ್ಲ ಸೇರಿ ಬೆಟ್ಟದ ಮೇಲಿನ ಮಂಜಿನ ಹಾಗೆ ಒಂದು ಸದ್ದು. ಎಲ್ಲಿ ದಟ್ಟವಾಯಿತು, ಎಲ್ಲಿ ತೆಳುವಾಯಿತು, ಯಾವ ವಾದ್ಯ ಯಾವಾಗ ಜಾರಿಕೊಂಡಿತು, ಇಷ್ಟು ಗಮನಿಸಿದರೆ ಸಾಕು. ಪಲ್ಲವಿ ಯಾವಾಗ ವಾಪಸ್ ಬರುತ್ತದೆ ಅಂತ ಕಾಯುತ್ತಾ ಕೂತರೆ ಮಾತ್ರ ತಲೆನೋವು ಗ್ಯಾರಂಟಿ.

ಇನ್ನು, ನಿಮ್ಮ ಕರ್ನಾಟಕ ಸಂಗೀತದ ಕಿವಿ ದಂಡ ಅಂತ ಯಾರು ಹೇಳಿದರು? 2010ರಲ್ಲಿ ಹಾಸ್ ಎಂಬ ಆಸ್ಟ್ರಿಯಾದ ಸಂಯೋಜಕರು ಆರು ಪಿಯಾನೊ ಮತ್ತು ಆರ್ಕೆಸ್ಟ್ರಾಗೆ ಬರೆದ ಕೃತಿ ಅಲ್ಲಿ ಮೊದಲು ಕೇಳಿಸಿತು. ಪಕ್ಕಪಕ್ಕದ ಎರಡು ಸ್ವರಸ್ಥಾನಗಳ ನಡುವಿನ ಜಾಗವನ್ನು ಆರು ಪಾಲು ಮಾಡಿ, ಒಂದೊಂದು ಪಿಯಾನೊವನ್ನು ಒಂದೊಂದು ಪಾಲಿನಷ್ಟು ಸರಿಸಿ ಶ್ರುತಿ ಮಾಡಿದ್ದರು. ವೀಣೆಯಲ್ಲಾದರೆ ತಂತಿ ಎಳೆದು ಆ ಸಂದಿಗೆ ಹೋಗಬಹುದು, ಪಿಯಾನೊದಲ್ಲಿ ಆಗಲ್ಲ. ಹಾಗಾಗಿ ಆರು ಪಿಯಾನೊ! ಗಮಕ ಕೇಳಿ ಬೆಳೆದವರಿಗೆ ಈ ಸಂದಿಗಳಲ್ಲಿ ಭಯವಾಗುವಂಥದ್ದೇನೂ ಇಲ್ಲ ಅಂತ ನನ್ನ ಲೆಕ್ಕ.

ಎಲ್ಲವೂ ಚೆನ್ನಾಗಿರುತ್ತದೆ ಅಂತ ಹೇಳಲಾರೆ. ಕೆಲವು ಕೃತಿಗಳು ನನಗೆ ಬರೀ ಜಾಣತನ ಅನಿಸಿವೆ, ಯಾವಾಗ ಮುಗಿಯುತ್ತೋ ಅಂತ ಗಡಿಯಾರ ನೋಡಿದ್ದೂ ಉಂಟು. ಆದರೆ ಒಂದೇ ಸಂಜೆಯಲ್ಲಿ ಹಲವು ಕೃತಿಗಳಿರುತ್ತವೆ. ಒಂದು ಹಿಡಿಸದಿದ್ದರೆ ಮುಂದಿನದು ತೀರಾ ಬೇರೆ ಥರ ಇರಬಹುದು.

ಉತ್ಸವ ಅಕ್ಟೋಬರ್‌ನಲ್ಲಿ, ಒಂದೇ ವಾರಾಂತ್ಯ. ಎಲ್ಲ ದಿನಕ್ಕೂ ಟಿಕೆಟ್ ತೆಗೆಯಬೇಡಿ, ಮೊದಲ ಸಲಕ್ಕೆ ಅದು ಜಾಸ್ತಿಯಾಯಿತು. ಒಂದು ಆರ್ಕೆಸ್ಟ್ರಾ ಕಚೇರಿ ಸಾಕು, ಸಾಮಾನ್ಯವಾಗಿ ಶುಕ್ರವಾರ ಒಂದು, ಭಾನುವಾರ ಒಂದು ಇರುತ್ತದೆ. ಫ್ರೈಬರ್ಗ್‌ನಿಂದ ಲೋಕಲ್ ರೈಲಿದೆ, ಲೋಕಲ್ ರೈಲು, ಬಸ್ಸುಗಳಿಗೆಲ್ಲ ನಡೆಯುವ ನಿಮ್ಮ ತಿಂಗಳ ಪಾಸು ಡಾಯ್ಚ್‌ಲಾಂಡ್ ಟಿಕೆಟ್ಟೇ ಸಾಕು. ಬೇಗ ಹೋದರೆ ಅರಮನೆ ಪಕ್ಕದ ಡ್ಯಾನ್ಯೂಬ್ ಉಗಮದ ಕೊಳ ನೋಡಿ. ನಿಜವಾದ ಉಗಮ ನಮ್ಮಲ್ಲಿದೆ ಅಂತ ಅದೇ ಸೀಮೆಯ ಇನ್ನೊಂದು ಊರು ಫುರ್ಟ್‌ವಾಂಗನ್‌ನವರು ಇವತ್ತಿಗೂ ಜಗಳ ಆಡುತ್ತಾರೆ, ಅದು ಬೇರೆ ಕಥೆ. ಟಿಕೆಟ್ ಸಿಗದಿದ್ದರೂ ಚಿಂತೆಯಿಲ್ಲ, ಆ ಭಾಗದ ಈಗಿನ ರೇಡಿಯೊ ಸಂಸ್ಥೆ ಎಸ್‌ಡಬ್ಲ್ಯುಆರ್‌ನಲ್ಲಿ ಕಚೇರಿಗಳು ಪ್ರಸಾರವಾಗುತ್ತವೆ. ಆದರೆ ಹೆಡ್‌ಫೋನ್ ಹಾಕಿಕೊಂಡೇ ಕೇಳಿ, ಫೋನಿನ ಸ್ಪೀಕರ್‌ನಲ್ಲಿ ಇದರ ಅರ್ಧವೂ ಕೇಳಿಸುವುದಿಲ್ಲ.