ನಾಯಿಗೂ ಶುಗರ್ ಬರುತ್ತಾ? ಬಂದರೆ ಮನೆಯಲ್ಲಿ ನೋಡಿಕೊಳ್ಳುವುದು ಹೇಗೆ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ ಮೇಲೆ. ಹಾಗಾಗಿ ಉಣ್ಣಿ, ತುರಿಕೆ, ಕೂದಲು ಉದುರುವುದು ಎಂದು ಬರೆದವರು ದಯವಿಟ್ಟು ಮುಂದಿನ ಸಂಚಿಕೆವರೆಗೆ ಕಾಯಿರಿ. ಈ ಸಂಚಿಕೆ ಪೂರ್ತಿ ಶುಗರ್ ಇರುವ ನಾಯಿಗಳಿಗೆ.

ಪ್ರಶ್ನೆ: ಡಾಕ್ಟ್ರೇ, ನಮ್ಮ ಲ್ಯಾಬ್ರಡಾರ್‌ಗೆ 9 ವರ್ಷ. ಎರಡು ತಿಂಗಳಿಂದ ವಿಪರೀತ ನೀರು ಕುಡಿಯುತ್ತಿದ್ದ, ರಾತ್ರಿ ಮನೆಯೊಳಗೇ ಉಚ್ಚೆ ಮಾಡುತ್ತಿದ್ದ, ಎಷ್ಟು ತಿಂದರೂ ಇಳಿದುಹೋದ. ಪರೀಕ್ಷೆ ಮಾಡಿಸಿದರೆ ಶುಗರ್ 430. ದಿನಕ್ಕೆ ಎರಡು ಇಂಜೆಕ್ಷನ್, ಅದೂ ಜೀವನಪೂರ್ತಿ ಎನ್ನುತ್ತಾರೆ. ನಮ್ಮ ತಂದೆ 20 ವರ್ಷದಿಂದ ಬರೀ ಮಾತ್ರೆಯಲ್ಲೇ ಆರಾಮಾಗಿದ್ದಾರೆ. ನಾಯಿಗೂ ಮಾತ್ರೆ ಸಾಲದೇ? ನಾವು ಬಿಸ್ಕತ್ತು ಕೊಟ್ಟಿದ್ದೇ ತಪ್ಪಾಯಿತಾ?

ಉತ್ತರ: ಸಾಲದು. ಮಾತ್ರೆಯಲ್ಲಿ 20 ವರ್ಷ ನಡೆದಿದೆ ಎಂದರೆ ನಿಮ್ಮ ತಂದೆಯವರ ಮೈಯಲ್ಲಿ ಇನ್ಸುಲಿನ್ ಇನ್ನೂ ತಯಾರಾಗುತ್ತಿದೆ, ಆದರೆ ಅದು ಹೇಳಿದ್ದನ್ನು ಮೈ ಸರಿಯಾಗಿ ಕೇಳುತ್ತಿಲ್ಲ, ಮಾತ್ರೆ ಕೇಳುವಂತೆ ಮಾಡುತ್ತದೆ. ನಾಯಿಗಳ ಕಥೆ ಬೇರೆ. ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಕೋಶಗಳೇ ಹೆಚ್ಚುಕಮ್ಮಿ ನಾಶವಾಗಿರುತ್ತವೆ. ಬಾವಿಯೇ ಬತ್ತಿದ ಮೇಲೆ ಹಗ್ಗ ಬದಲಿಸಿ ಏನು ಪ್ರಯೋಜನ? ಅದಕ್ಕೇ ಹೊರಗಿನಿಂದ ಇನ್ಸುಲಿನ್ ಕೊಡಲೇಬೇಕು. ತಂದೆಯವರ ಮಾತ್ರೆಯನ್ನು ಪುಡಿ ಮಾಡಿ ಊಟಕ್ಕೆ ಬೆರೆಸುವ ಯೋಚನೆ ಬಂದಿದ್ದರೆ ಈಗಲೇ ಬಿಟ್ಟುಬಿಡಿ. ಶುಗರ್‌ಗೆ ಹೊಸ ಮಾತ್ರೆ ಬಂದಿದೆಯಂತೆ ಎಂದು ಯಾರಾದರೂ ಹೇಳಿದರೆ ಅದು ಬೆಕ್ಕಿಗೆ, ನಾಯಿಗಲ್ಲ.

ಬಿಸ್ಕತ್ತಿನ ವಿಷಯಕ್ಕೆ ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ. ಸಿಹಿ ತಿಂದದ್ದರಿಂದಲೇ ಶುಗರ್ ಬಂತು ಎನ್ನಲಾಗದು. ಮೈ ತೂಕ, ಮೇದೋಜೀರಕದ ಉರಿಯೂತ, ತಿಂಗಳುಗಟ್ಟಲೆ ಕೊಟ್ಟ ಸ್ಟೀರಾಯ್ಡ್, ಹುಟ್ಟಿನಿಂದ ಬಂದ ಗುಣ, ಹೀಗೆ ಹಲವು ಕಾರಣ ಸೇರಿರುತ್ತವೆ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಮನೆಯೊಳಗೆ ಉಚ್ಚೆ ಮಾಡುತ್ತಾನೆ ಅಂತ ನೀರಿನ ಬಟ್ಟಲು ಎತ್ತಿಡಬೇಡಿ. ನಾಯಿಯ ರಕ್ತದಲ್ಲಿ ಸಕ್ಕರೆ ಸುಮಾರು 180ರಿಂದ 220 ದಾಟಿದರೆ ಮೂತ್ರಪಿಂಡಕ್ಕೆ ತಡೆದಿಟ್ಟುಕೊಳ್ಳಲು ಆಗುವುದಿಲ್ಲ, ಸಕ್ಕರೆ ಉಚ್ಚೆಗೆ ಹೋಗುತ್ತದೆ, ಹೋಗುವಾಗ ನೀರನ್ನೂ ಎಳೆದುಕೊಂಡೇ ಹೋಗುತ್ತದೆ. ಕುಡಿದದ್ದಕ್ಕೆ ಉಚ್ಚೆ ಬರುತ್ತಿರುವುದಲ್ಲ, ಉಚ್ಚೆಗೆ ಹೋದದ್ದನ್ನು ತುಂಬಿಸಿಕೊಳ್ಳಲು ಕುಡಿಯುತ್ತಿದ್ದಾನೆ. ನೀರು ನಿಲ್ಲಿಸಿದರೆ ಎರಡೇ ದಿನದಲ್ಲಿ ಆಸ್ಪತ್ರೆ ಸೇರುತ್ತಾನೆ.

ಇನ್ನೊಂದು ವಿಷಯ, ಸುಮ್ನೆ ತಿಳಿದಿರಲಿ. ಮೇದೋಜೀರಕಕ್ಕೂ ಶುಗರ್‌ಗೂ ಸಂಬಂಧ ಇದೆ ಎಂದು 1889ರಲ್ಲಿ ಗೊತ್ತಾದದ್ದು ನಾಯಿಯಿಂದ. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಕಂಡುಹಿಡಿದದ್ದೂ ನಾಯಿಗಳ ಮೇಲೆ ಪ್ರಯೋಗ ಮಾಡಿಯೇ. ನಮ್ಮ ಮೇಲೆ ಅವುಗಳ ಸಾಲ ಇದೆ.

ಪ್ರಶ್ನೆ: ಇಂಜೆಕ್ಷನ್ ಕೊಡಲು ನನಗೆ ಕೈ ನಡುಗುತ್ತದೆ ಮೇಡಂ. ನಿನ್ನೆ ಕೊಟ್ಟ ಮೇಲೆ ಕೂದಲು ಒದ್ದೆಯಾಗಿತ್ತು. ಒಳಗೆ ಹೋಯಿತೋ ಇಲ್ಲವೋ ಗೊತ್ತಾಗದೆ ಇನ್ನೊಂದು ಸಲ ಕೊಟ್ಟೆ. ಸರಿಯೇ?

ಉತ್ತರ: ಸರಿಯಲ್ಲ, ಆದರೆ ನಾಯಿ ಚೆನ್ನಾಗಿದೆ ಎಂದು ಪತ್ರದ ಕೊನೆಗೆ ಬರೆದಿದ್ದೀರಿ, ಬಚಾವಾದಿರಿ. ಈ ಅಂಕಣದಿಂದ ಒಂದೇ ವಾಕ್ಯ ನೆನಪಿಡುವುದಾದರೆ ಇದನ್ನು ಇಡಿ: ಅನುಮಾನ ಬಂದರೆ ಮತ್ತೆ ಕೊಡಬೇಡಿ. ಒಂದು ಹೊತ್ತು ಶುಗರ್ ಜಾಸ್ತಿ ಇದ್ದರೆ ನಾಯಿ ಸ್ವಲ್ಪ ಹೆಚ್ಚು ನೀರು ಕುಡಿಯುತ್ತದೆ, ಅಷ್ಟೇ. ಶುಗರ್ ಇಳಿದುಹೋದರೆ ಅದೇ ಹೊತ್ತಿನಲ್ಲಿ ಪ್ರಾಣ ಹೋಗಬಹುದು. ಮುಂದಿನ ಡೋಸ್ 12 ಗಂಟೆಗೆ ಬಂದೇ ಬರುತ್ತದಲ್ವಾ, ಅಲ್ಲಿಯವರೆಗೆ ಕಾಯಿರಿ.

ಈಗ ಕೈ ನಡುಗುವ ವಿಷಯ. ಸೂಜಿ ಕೂದಲೆಳೆಯಷ್ಟು ಸಣ್ಣದು, ಬಹಳ ನಾಯಿಗಳು ತಿರುಗಿಯೂ ನೋಡುವುದಿಲ್ಲ. ಮೊದಲು ಊಟ ಹಾಕಿ, ತಿನ್ನಲಿ, ಆಮೇಲೆ ಕೊಡಿ. ಭುಜದ ಹಿಂದೆ, ಪಕ್ಕೆಯ ಮೇಲೆ ಸಡಿಲ ಚರ್ಮ ಇರುತ್ತದೆ, ಅದನ್ನು ಎರಡು ಬೆರಳಲ್ಲಿ ಡೇರೆಯ ಹಾಗೆ ಎತ್ತಿ ಹಿಡಿದು, ಡೇರೆಯ ಬುಡಕ್ಕೆ ಸೂಜಿ ಚುಚ್ಚಿ. ತುದಿ ಇನ್ನೊಂದು ಕಡೆಯಿಂದ ಹೊರಬಂದರೇ ಕೂದಲು ಒದ್ದೆಯಾಗುವುದು, ನಿಮಗೆ ಆದದ್ದೂ ಬಹುಶಃ ಅದೇ. ಕತ್ತಿನ ಹಿಂದೆ ಒಂದೇ ಜಾಗಕ್ಕೆ ದಿನಾ ಚುಚ್ಚಿದರೆ ಅಲ್ಲಿ ಗಂಟು ಕಟ್ಟಿ ಔಷಧಿ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಬೆಳಿಗ್ಗೆ ಎಡ, ಸಂಜೆ ಬಲ ಎಂದಿಟ್ಟುಕೊಳ್ಳಿ, ಒಂದೆರಡು ಬೆರಳಿನಷ್ಟು ಜಾಗವನ್ನೂ ಬದಲಿಸುತ್ತಿರಿ. ಮೊದಲು ನಾಲ್ಕು ದಿನ ಸಿರಿಂಜಿಗೆ ಬರೀ ನೀರು ತುಂಬಿ ಟವೆಲ್ ಮೇಲೆ ಅಭ್ಯಾಸ ಮಾಡಿದರೂ ಆಯಿತು. ಆ ಸಿರಿಂಜನ್ನು ಮಾತ್ರ ನಾಯಿಗೆ ಬಳಸಬೇಡಿ.

ಇದಕ್ಕಿಂತ ದೊಡ್ಡ ಅಪಾಯದ ಬಗ್ಗೆ ಯಾರೂ ಕೇಳಿಲ್ಲ, ನಾನೇ ಹೇಳುತ್ತೇನೆ. ಇನ್ಸುಲಿನ್ ಎರಡು ಗಾಢತೆಯಲ್ಲಿ ಬರುತ್ತದೆ. ಯು-40 ಎಂದರೆ ಒಂದು ಎಂಎಲ್‌ಗೆ 40 ಯೂನಿಟ್, ಯು-100 ಎಂದರೆ 100 ಯೂನಿಟ್. ನಾಯಿ, ಬೆಕ್ಕುಗಳಿಗೆಂದೇ ಇರುವ ಕ್ಯಾನಿನ್ಸುಲಿನ್ ಯು-40. ಸಿರಿಂಜೂ ಎರಡು ಬಗೆ, ಸಾಮಾನ್ಯವಾಗಿ ಯು-40ಕ್ಕೆ ಕೆಂಪು ಮುಚ್ಚಳ, ಯು-100ಕ್ಕೆ ಕಿತ್ತಳೆ ಬಣ್ಣದ್ದು. ಬಾಟಲಿ ಯು-100, ಸಿರಿಂಜ್ ಯು-40 ಆಗಿಬಿಟ್ಟರೆ ನೀವು 4 ಗೆರೆ ತುಂಬಿದಾಗ ನಾಯಿಗೆ ಹೋಗುವುದು 10 ಯೂನಿಟ್. ಎರಡೂವರೆ ಪಟ್ಟು! ತಿರುಗಾಮುರುಗಾ ಆದರೆ ಅರ್ಧವೂ ಹೋಗುವುದಿಲ್ಲ, ಶುಗರ್ ಯಾಕೆ ಇಳಿಯುತ್ತಿಲ್ಲ ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತೀರಿ. ಮುಚ್ಚಳದ ಬಣ್ಣವನ್ನೇ ನಂಬಬೇಡಿ, ಪ್ರತಿ ಹೊಸ ಪ್ಯಾಕ್ ತಂದಾಗ ಬಾಟಲಿಯ ಮೇಲಿನ ಅಂಕಿ, ಸಿರಿಂಜಿನ ಮೇಲಿನ ಅಂಕಿ ಎರಡನ್ನೂ ಗಟ್ಟಿಯಾಗಿ ಓದಿ. ನನಗೆ ಈ ಕೆಲಸದಲ್ಲಿ ಇಷ್ಟು ವರ್ಷ ಆದರೂ ಬಾಯಿಬಿಟ್ಟು ಓದಿಯೇ ತುಂಬುತ್ತೇನೆ.

ಬಾಟಲಿ ಫ್ರಿಡ್ಜಿನಲ್ಲಿರಲಿ, 2ರಿಂದ 8 ಡಿಗ್ರಿ ಸೆಲ್ಸಿಯಸ್. ಫ್ರೀಜರ್‌ನಲ್ಲಿ ಬೇಡ, ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಕೆಲಸಕ್ಕೆ ಬಾರದು. ಅಂಗೈಯಲ್ಲಿ ಉರುಳಿಸಬೇಕೋ ಕುಲುಕಬೇಕೋ ಎನ್ನುವುದು ಬ್ರಾಂಡಿನ ಮೇಲೆ ಹೋಗುತ್ತದೆ, ಒಳಗಿನ ಚೀಟಿ ಓದಿ.

ಪ್ರಶ್ನೆ: ಈವತ್ತು ಊಟ ಮುಟ್ಟಿಲ್ಲ. ಇಂಜೆಕ್ಷನ್ ಕೊಡಲೇ, ಬಿಡಲೇ?

ಉತ್ತರ: ಪೂರ್ತಿ ಡೋಸ್ ಕೊಡಬೇಡಿ. ಅರ್ಧ ಕೊಡಬೇಕೋ ಪೂರ್ತಿ ಬಿಡಬೇಕೋ ಎಂದು ನಿಮ್ಮ ಡಾಕ್ಟರಿಗೆ ಫೋನ್ ಮಾಡಿ ಕೇಳಿ. ಇದನ್ನು ಆ ದಿನ ಕೇಳುವುದಕ್ಕಿಂತ ಮೊದಲೇ ಕೇಳಿ ಬರೆಸಿಕೊಂಡು ಫ್ರಿಡ್ಜಿನ ಬಾಗಿಲಿಗೆ ಅಂಟಿಸುವುದು ಜಾಣತನ. ಊಟ ಬಿಟ್ಟಿರುವುದರ ಜೊತೆಗೆ ವಾಂತಿ ಇದ್ದರೆ, ಮಂಕಾಗಿ ಬಿದ್ದುಕೊಂಡಿದ್ದರೆ, ಬಾಯಿಂದ ನೇಲ್ ಪಾಲಿಶ್ ತೆಗೆಯುವ ದ್ರವದಂಥ ವಾಸನೆ ಬಂದರೆ ಫೋನ್ ಬೇಡ, ನೇರ ಆಸ್ಪತ್ರೆಗೆ ಹೋಗಿ. ಸಕ್ಕರೆ ಬಳಸಲಾಗದೆ ಮೈ ಕೊಬ್ಬನ್ನು ಸುಡುತ್ತಾ ಹೋದಾಗ ಕೀಟೋನ್ ಸೇರಿಕೊಂಡು ರಕ್ತ ಆಮ್ಲವಾಗುತ್ತದೆ. ಅದು ಮನೆಮದ್ದಿನ ಸ್ಥಿತಿಯಲ್ಲ.

ಪ್ರಶ್ನೆ: ಮೊನ್ನೆ ಆಟ ಆಡಿ ಬಂದ ಮೇಲೆ ನಮ್ಮ ಪಗ್ ಕುಡಿದವರ ಹಾಗೆ ತೂರಾಡಿದಳು, ಮೈ ನಡುಗಿತು, ಗೋಡೆಗೆ ಹಾಯ್ದಳು. ಶುಗರ್ ಏರಿದೆ ಅಂತ ನಮ್ಮವರು ಇನ್ನೊಂದು ಇಂಜೆಕ್ಷನ್ ಕೊಡಲು ಹೊರಟಿದ್ದರು, ನಾನು ತಡೆದೆ. ಸರಿ ಮಾಡಿದೆನಾ?

ಉತ್ತರ: ಅವಳ ಪ್ರಾಣ ಉಳಿಸಿದಿರಿ ತಾಯಿ. ಅದು ಶುಗರ್ ಏರಿದ್ದಲ್ಲ, ಇಳಿದದ್ದು. ರಕ್ತದ ಸಕ್ಕರೆ 60ಕ್ಕಿಂತ ಕೆಳಗೆ ಹೋದರೆ ಹೀಗೆಲ್ಲ ಆಗಬಹುದು, ಇನ್ನೂ ಇಳಿದರೆ ಫಿಟ್ಸ್ ಬರುತ್ತದೆ. ಆಟ ಜಾಸ್ತಿಯಾದ ದಿನ ಮೈ ಸಕ್ಕರೆಯನ್ನು ಬೇಗ ಸುಡುತ್ತದೆ, ಇನ್ಸುಲಿನ್ ಮಾತ್ರ ಅಷ್ಟೇ ಇರುತ್ತದೆ, ಲೆಕ್ಕ ತಪ್ಪುತ್ತದೆ. ಅದಕ್ಕೇ ಶುಗರ್ ನಾಯಿಗೆ ನಡಿಗೆಯೂ ದಿನಾ ಒಂದೇ ಅಳತೆಯಲ್ಲಿರಬೇಕು. ಆರು ದಿನ ಮಲಗಿಸಿ ಏಳನೇ ದಿನ ಎರಡು ಗಂಟೆ ಓಡಿಸುವುದು ಬೇಡ.

ಮತ್ತೆ ಹಾಗಾದರೆ ಎಚ್ಚರ ಇರುವ ನಾಯಿಗೆ ತಕ್ಷಣ ಊಟ ಕೊಡಿ. ತಿನ್ನಲು ಆಗದಿದ್ದರೆ ಜೇನುತುಪ್ಪ ಇಲ್ಲವೇ ಗ್ಲೂಕೋಸ್ ನೀರನ್ನು ಗಟ್ಟಿಯಾಗಿ ಕಲಸಿ ಬೆರಳಲ್ಲಿ ವಸಡಿಗೆ ಸವರಿ. ಎಚ್ಚರ ತಪ್ಪಿದ ನಾಯಿಯ ಬಾಯಿಗೆ ಏನನ್ನೂ ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಫಿಟ್ಸ್ ಬಂದಾಗ ಹಲ್ಲಿನ ನಡುವೆ ಬೆರಳು ಹಾಕಬೇಡಿ, ಎಷ್ಟೇ ಮುದ್ದಿನ ನಾಯಿಯಾದರೂ ಆ ಹೊತ್ತಿಗೆ ಅದಕ್ಕೆ ನೀವು ಯಾರೆಂದು ಗೊತ್ತಿರುವುದಿಲ್ಲ. ತುಟಿಯ ಒಳಬದಿಗೆ ಸವರಿ, ಹೊರಡಿ. ಅವಳು ಎದ್ದು ಕುಳಿತು ಬಾಲ ಆಡಿಸಿದರೂ ಡಾಕ್ಟರಿಗೆ ಹೇಳದೆ ಮುಂದಿನ ಡೋಸ್ ಕೊಡಬೇಡಿ. ಇಂಜೆಕ್ಷನ್ ಇನ್ನೂ ಕೆಲಸ ಮಾಡುತ್ತಲೇ ಇರುತ್ತದೆ, ಸಕ್ಕರೆ ಮತ್ತೆ ಕುಸಿಯಬಹುದು.

ಪ್ರಶ್ನೆ: ಶುಗರ್-ಫ್ರೀ ಬಿಸ್ಕತ್ತು ಕೊಡಬಹುದಲ್ವಾ?

ಉತ್ತರ: ಈ ಪ್ರಶ್ನೆಗೆ ನನಗೆ ನಿಜಕ್ಕೂ ಭಯವಾಗುತ್ತದೆ. ಮನುಷ್ಯರ ಶುಗರ್-ಫ್ರೀ ತಿಂಡಿ, ಚೂಯಿಂಗ್ ಗಮ್‌ಗಳಲ್ಲಿ ಕೆಲವಕ್ಕೆ ಸಕ್ಕರೆ ಬದಲು ಕ್ಸೈಲಿಟಾಲ್ ಎಂಬ ಸಿಹಿ ಪದಾರ್ಥ ಹಾಕಿರುತ್ತಾರೆ. ನಮಗೆ ಏನೂ ಆಗುವುದಿಲ್ಲ, ನಾಯಿಗೆ ಅದು ವಿಷ. ಪಿತ್ತಜನಕಾಂಗವನ್ನೇ ಹಾಳುಮಾಡಬಲ್ಲದು. ಶುಗರ್ ಬಂದ ನಾಯಿಗೆ ಒಳ್ಳೆಯದಾಗಲಿ ಎಂದು ತಂದದ್ದೇ ಕುತ್ತಾಗುತ್ತದೆ. ಬೇಡ.

ಊಟದಲ್ಲಿ ಏನಿದೆ ಎನ್ನುವಷ್ಟೇ ಮುಖ್ಯ, ದಿನಾ ಒಂದೇ ಬಗೆ, ಒಂದೇ ತೂಕ, ಒಂದೇ ಹೊತ್ತು. ಬೆಳಿಗ್ಗೆ 7ಕ್ಕೆ ಕೊಟ್ಟರೆ ಸಂಜೆ 7ಕ್ಕೆ. ಇನ್ಸುಲಿನ್ ಅಳೆದು ಕೊಟ್ಟು ಊಟ ಕಣ್ಣಳತೆಯಲ್ಲಿ ಹಾಕಿದರೆ ಏನು ಬಂತು? ಅಡುಗೆಮನೆಯ ತಕ್ಕಡಿ ಬಳಸಿ. ನಾರಿನಂಶ ಜಾಸ್ತಿ ಇರುವ ಆಹಾರ ಸಕ್ಕರೆಯನ್ನು ನಿಧಾನವಾಗಿ ಏರಿಸುತ್ತದೆ, ಆದರೆ ಈಗಾಗಲೇ ಸಣಕಲಾಗಿರುವ ನಾಯಿಗೆ ಅದು ಹೊಂದದು, ಡಾಕ್ಟರನ್ನು ಕೇಳಿ. ಮೆತ್ತಗೆ ಅಂಟಂಟಾಗಿರುವ ಪ್ಯಾಕೆಟ್ ತಿಂಡಿಗಳಲ್ಲಿ ಸಕ್ಕರೆ ಸೇರಿರುವುದು ಹೆಚ್ಚು, ಅವು ಬೇಡ. ಮುದ್ದಿಗೆ ಏನಾದರೂ ಕೊಡಲೇಬೇಕು ಅನಿಸಿದರೆ ಬೇಯಿಸಿದ ಕೋಳಿಮಾಂಸದ ಚೂರು ಸಾಕು, ಉಪ್ಪು ಮಸಾಲೆ ಇಲ್ಲದೆ.

ಪ್ರಶ್ನೆ: ಇನ್ಸುಲಿನ್ ಸರಿಯಾಗಿ ಕೊಡುತ್ತಿದ್ದರೂ ಆರು ತಿಂಗಳಲ್ಲಿ ಎರಡೂ ಕಣ್ಣು ಬೆಳ್ಳಗಾಗಿವೆ. ನಮ್ಮ ತಪ್ಪೇನು?

ಉತ್ತರ: ತಪ್ಪು ಹುಡುಕಬೇಡಿ. ಶುಗರ್ ಗೊತ್ತಾದ ಒಂದು, ಒಂದೂವರೆ ವರ್ಷದೊಳಗೆ ಬಹುಪಾಲು ನಾಯಿಗಳಿಗೆ ಕಣ್ಣಿನ ಪೊರೆ ಬರುತ್ತದೆ, ಚೆನ್ನಾಗಿ ನೋಡಿಕೊಂಡವರ ನಾಯಿಗೂ. ಮಸೂರದೊಳಗೆ ಸೇರಿದ ಸಕ್ಕರೆ ಸಾರ್ಬಿಟಾಲ್ ಆಗಿ ನೀರು ಎಳೆದುಕೊಳ್ಳುತ್ತದೆ, ಮಸೂರ ಉಬ್ಬಿ ಬೆಳ್ಳಗಾಗುತ್ತದೆ. ಆಪರೇಷನ್ ಮಾಡಿಸಬಹುದು, ತಡ ಮಾಡದೆ ಕಣ್ಣು ನೋಡುವ ಪಶುವೈದ್ಯರ ಹತ್ತಿರ ಹೋಗಿ. ಕಣ್ಣು ಕೆಂಪಾಗಿ ಕಿರಿದು ಮಾಡುತ್ತಿದ್ದರೆ ಒಳಗೆ ಉರಿಯೂತ ಇದೆ ಎಂದರ್ಥ, ಅವತ್ತೇ ತೋರಿಸಿ. ಆಪರೇಷನ್ ಆಗದಿದ್ದರೂ ನಾಯಿ ಬದುಕುತ್ತದೆ ಮಾತ್ರವಲ್ಲ, ಮೂಗಿನಲ್ಲೇ ಮನೆಯೆಲ್ಲ ಓಡಾಡಿಕೊಂಡಿರುತ್ತದೆ. ನೀವು ಸೋಫಾ ಜಾಗ ಬದಲಿಸದಿದ್ದರೆ ಸಾಕು.

ಪ್ರಶ್ನೆ: ಡೋಸ್ ಏರಿಸುತ್ತಲೇ ಇದ್ದೇವೆ, ನಮ್ಮ ಹೆಣ್ಣು ನಾಯಿಗೆ ಶುಗರ್ ಇಳಿಯುತ್ತಲೇ ಇಲ್ಲ. ಗರ್ಭಕೋಶದ ಆಪರೇಷನ್ ಆಗಿಲ್ಲ. ಮನೆಯಲ್ಲೇ ಮೀಟರ್ ತಂದು ದಿನಕ್ಕೆ ಎಂಟು ಸಲ ನೋಡುತ್ತಿದ್ದೇನೆ.

ಉತ್ತರ: ಉತ್ತರ ನಿಮ್ಮ ಎರಡನೇ ವಾಕ್ಯದಲ್ಲೇ ಇದೆ. ಬೆದೆ ಮುಗಿದ ಮೇಲೆ ಸುಮಾರು ಎರಡು ತಿಂಗಳು ಹೆಣ್ಣು ನಾಯಿಯ ಮೈಯಲ್ಲಿ ಪ್ರೊಜೆಸ್ಟರಾನ್ ಎಂಬ ಹಾರ್ಮೋನ್ ಏರಿರುತ್ತದೆ, ಅದು ಇನ್ಸುಲಿನ್ ಕೆಲಸಕ್ಕೆ ಅಡ್ಡಗಾಲು ಹಾಕುತ್ತದೆ. ನಾಯಿಯ ಸ್ಥಿತಿ ಸ್ವಲ್ಪ ಸುಧಾರಿಸಿದ ಕೂಡಲೇ ಆಪರೇಷನ್ ಮಾಡಿಸಿ. ಬೇಗ ಮಾಡಿಸಿದ ಕೆಲವು ನಾಯಿಗಳಿಗೆ ಶುಗರ್ ಪೂರ್ತಿ ಹೋದದ್ದೂ ಉಂಟು. ಆದಮೇಲೆ ಡೋಸ್ ಇಳಿಸಬೇಕಾಗುತ್ತದೆ, ಹಳೇ ಡೋಸ್ ಮುಂದುವರಿಸಿದರೆ ಮೇಲಿನ ಪಗ್ ಕಥೆಯೇ. ಆಪರೇಷನ್ ಆದ ನಾಯಿಗೂ ಶುಗರ್ ಇಳಿಯದಿದ್ದರೆ ಉಚ್ಚೆಯ ಸೋಂಕು, ಹುಳುಕು ಹಲ್ಲು, ಕುಶಿಂಗ್ ಕಾಯಿಲೆ (ಮೈ ತಾನೇ ಸ್ಟೀರಾಯ್ಡ್ ಜಾಸ್ತಿ ತಯಾರಿಸುವುದು), ಇವನ್ನು ನೋಡಿಸಬೇಕು. ಡೋಸನ್ನು ನೀವಾಗಿಯೇ ಏರಿಸಬೇಡಿ.

ಮೀಟರ್ ಒಳ್ಳೆಯದೇ. ಕಿವಿಯ ಅಂಚಿನಿಂದ ಒಂದು ಹನಿ ಸಾಕು. ಮನುಷ್ಯರ ಮೀಟರ್ ನಾಯಿಯ ರಕ್ತದಲ್ಲಿ ಸಾಮಾನ್ಯವಾಗಿ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ, ನಾಯಿಗೆಂದೇ ಮಾಡಿದ್ದು ಸಿಕ್ಕರೆ ಅದನ್ನೇ ಬಳಸಿ. ಆದರೆ ದಿನಕ್ಕೆ ಎಂಟು ಸಲ ಚುಚ್ಚಿ, ಅಂಕಿ ನೋಡಿ ನೋಡಿ ನೀವೇ ಸೊರಗಬೇಡಿ. ದಿನದ ಬಹುಪಾಲು 100ರಿಂದ 250ರ ಆಸುಪಾಸಿನಲ್ಲಿದ್ದರೆ ಆ ನಾಯಿ ಚೆನ್ನಾಗಿದೆ, ಮನುಷ್ಯರ ಅಂಕಿ ಅದಕ್ಕೆ ಬೇಕಿಲ್ಲ. ನನ್ನನ್ನು ಕೇಳಿದರೆ ಮೀಟರ್‌ಗಿಂತ ನೀರಿನ ಬಟ್ಟಲು ಹೆಚ್ಚು ನಿಜ ಹೇಳುತ್ತದೆ. ಬೆಳಿಗ್ಗೆ ಅಳೆದು ಹಾಕಿ, ಮರುದಿನ ಉಳಿದದ್ದು ಅಳೆಯಿರಿ. ಕಿಲೋ ತೂಕಕ್ಕೆ ದಿನಕ್ಕೆ 100 ಎಂಎಲ್ ದಾಟಿದರೆ ಜಾಸ್ತಿ ಎಂದು ಲೆಕ್ಕ. ನೀರು ಕಡಿಮೆಯಾಗುತ್ತಾ ಬಂದು, ತೂಕ ನಿಂತಿದ್ದರೆ ನೀವು ಸರಿಯಾದ ದಾರಿಯಲ್ಲಿದ್ದೀರಿ.

ಪ್ರಶ್ನೆ: ಮನೆಯಲ್ಲಿ ನಾವು ನಾಲ್ಕು ಜನ, ಯಾರು ಬೇಕಾದರೂ ಇಂಜೆಕ್ಷನ್ ಕೊಡುತ್ತೇವೆ. ತೊಂದರೆ ಇಲ್ಲವಲ್ಲ?

ಉತ್ತರ: ಇದೆ. ಅಮ್ಮ ಕೊಟ್ಟು ಹೊರಗೆ ಹೋದರು, ಮಗ ಬಂದು ಇನ್ನೊಂದು ಕೊಟ್ಟ, ಹೀಗೆ ಬಂದ ನಾಯಿಗಳನ್ನು ನಾನು ನೋಡಿದ್ದೇನೆ. ಫ್ರಿಡ್ಜಿನ ಬಾಗಿಲಿಗೆ ಒಂದು ಹಾಳೆ, ಅದಕ್ಕೆ ದಾರ ಕಟ್ಟಿದ ಒಂದು ಪೆನ್ನು. ಕೊಟ್ಟವರು ಸಿರಿಂಜ್ ಕೆಳಗಿಡುವ ಮೊದಲೇ ಹೊತ್ತು, ಯೂನಿಟ್, ಸಹಿ ಬರೆಯಬೇಕು. ಹಾಳೆಯಲ್ಲಿ ಇಲ್ಲ, ಆದರೆ ಕೊಟ್ಟ ಹಾಗೆ ನೆನಪು ಎಂದು ಯಾರಾದರೂ ಅಂದರೆ, ಆ ಹೊತ್ತಿನದು ಬಿಟ್ಟುಬಿಡಿ.