ಒಂದು ವಾರದಲ್ಲಿ ಕೆನಾಲ್ ದು ಮಿದಿ ಪೂರ್ತಿ ಮುಗಿಸಬಹುದಾ?

ಫ್ರಾನ್ಸ್‌ನ ದಕ್ಷಿಣದಲ್ಲಿರುವ ಈ ದೋಣಿ ಕಾಲುವೆಗೆ ನೀವು ಹಾಕಿರುವ ಲೆಕ್ಕವನ್ನೇ ನಾನೂ ಹಾಕಿದ್ದೆ. ತುಲೂಸ್‌ನಿಂದ ಕಡಲ ಹತ್ತಿರದ ತೋ ಸರೋವರದವರೆಗೆ 240 ಕಿ.ಮೀ., ಏಳು ದಿನ, ದಿನಕ್ಕೆ 35 ಕಿ.ಮೀ. ಬಾಡಿಗೆ ದೋಣಿ ನಡೆಸೋಕೆ ಲೈಸೆನ್ಸೂ ಬೇಡ.

ಕಿಲೋಮೀಟರ್ ಎಣಿಸಬೇಡಿ, ಲಾಕ್ ಎಣಿಸಿ, ಅಂದರೆ ದೋಣಿಯನ್ನು ಒಂದು ನೀರಿನ ಮಟ್ಟದಿಂದ ಇನ್ನೊಂದಕ್ಕೆ ಏರಿಸುವ, ಇಳಿಸುವ ಕಟ್ಟೆಗಳನ್ನು. ಆ ದಾರಿಯಲ್ಲಿ ಅರವತ್ತಕ್ಕೂ ಹೆಚ್ಚು ಲಾಕ್‌ಗಳಿವೆ. ಒಂದೊಂದಕ್ಕೂ ಕಾಲು ಗಂಟೆ ಬೇಕು, ಮುಂದೆ ದೋಣಿಗಳಿದ್ದರೆ ಇನ್ನೂ ಜಾಸ್ತಿ. ಮಧ್ಯಾಹ್ನ ಊಟದ ಹೊತ್ತಿಗೆ ಲಾಕ್ ಮುಚ್ಚುತ್ತಾರೆ. ವೇಗದ ಮಿತಿ ಗಂಟೆಗೆ 8 ಕಿ.ಮೀ.

ಮೂರನೇ ದಿನಕ್ಕೇ ನಾವು ಹಿಂದೆ ಬಿದ್ದಿದ್ದೆವು. ಕಾಸ್ಟೆಲ್ನೋಡರಿ ದಾಟಿ ಕಾರ್ಕಸೋನ್ ಕಡೆ ಇಳಿಯುತ್ತಿದ್ದೆವು. ಊಟಕ್ಕೆ ಮುಚ್ಚುವ ಮೊದಲು ಇನ್ನೊಂದು ಲಾಕ್ ದಾಟಿಬಿಡೋಣ ಅಂತ ನಾನೇ ಅವಸರ ಮಾಡಿದೆ. ಒಳಗೆ ಹೋದ ಕೂಡಲೇ ದಡದ ಗೂಟಕ್ಕೆ ಹಗ್ಗ ಸುತ್ತಿ ದೋಣಿಯ ಕೊಂಡಿಗೆ ಗಂಟು ಹಾಕಿದೆ. ದೋಣಿ ಅಲ್ಲಾಡಬಾರದು ಅಂತ ಗಟ್ಟಿಯಾಗೇ ಹಾಕಿದೆ. ಆಮೇಲೆ ಕ್ಯಾಮೆರಾ ತರಲು ಒಳಗೆ ಹೋದೆ.

ಇಳಿಯುವಾಗ ಏನಾಗುತ್ತದೆ ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನನಗೆ ಯಾರೂ ಹೇಳಿರಲಿಲ್ಲ. ಲಾಕ್ ಅಂದರೆ ಎರಡೂ ಕಡೆ ಬಾಗಿಲಿರುವ ನೀರಿನ ಕೋಣೆ. ಕೆಳಗಿನ ಕಿಂಡಿ ತೆರೆದರೆ ನೀರು ಎರಡು ಮೂರು ಮೀಟರ್ ಇಳಿಯುತ್ತದೆ, ಜೊತೆಗೆ ದೋಣಿಯೂ ಇಳಿಯಬೇಕು. ಗೂಟ ಮಾತ್ರ ಮೇಲೇ ಇರುತ್ತದೆ. ಹಗ್ಗ ಬಿಡುತ್ತಾ ಹೋಗದಿದ್ದರೆ ದೋಣಿ ಅದಕ್ಕೇ ನೇತು ಬೀಳುತ್ತದೆ. ಭಾರ ಬಿದ್ದ ಗಂಟು ಬಿಚ್ಚೋಕೆ ಬರಲ್ಲ. ನನ್ನ ಬಾಮೈದ ಬಿಚ್ಚಲು ಹೋದ. ದೋಣಿ ಒಂದು ಕಡೆಗೆ ವಾಲಿತು, ಕೊಂಡಿ ಕಿತ್ತು ಬಂತು, ಅವನು ಬಿದ್ದು ಮಣಿಕಟ್ಟು ಮುರಿಯಿತು. ಲಾಕ್ ನೋಡಿಕೊಳ್ಳುವವರು ಕೂಗು ಕೇಳಿ ತಕ್ಷಣ ಕಿಂಡಿ ಮುಚ್ಚಿದರು, ಇಲ್ಲದಿದ್ದರೆ ಏನಾಗುತ್ತಿತ್ತೋ. ಠೇವಣಿಯ ಮುಕ್ಕಾಲು ಪಾಲು ಹೋಯಿತು, ಪ್ರವಾಸವೂ ಅಲ್ಲಿಗೇ ಮುಗಿಯಿತು. ಅವನ ಕೈ ಈಗಲೂ ಚಳಿಗೆ ನೋಯುತ್ತದೆ.

ಹಗ್ಗವನ್ನು ಗೂಟಕ್ಕೆ ಒಂದು ಸುತ್ತು ಹಾಕಿ ತುದಿಯನ್ನು ಕೈಯಲ್ಲೇ ಹಿಡಿದಿರಿ, ಗಂಟು ಬೇಡವೇ ಬೇಡ. ಕೈಗೂ ಸುತ್ತಿಕೊಳ್ಳಬೇಡಿ. ಇಲ್ಲಿನ ಹಳೇ ಲಾಕ್‌ಗಳ ಗೋಡೆ ನೇರವಾಗಿಲ್ಲ, ಮೊಟ್ಟೆಯಾಕಾರದಲ್ಲಿ ಹೊರಕ್ಕೆ ಬಾಗಿದೆ. 1681ರಲ್ಲಿ ಮುಗಿದ ಈ ಕಾಲುವೆ ಕಟ್ಟಿಸಿದ ರಿಕೆ, ಮಣ್ಣಿನ ಒತ್ತಡ ತಡೆಯಲಿ ಅಂತ ಹಾಗೆ ಮಾಡಿಸಿದ್ದ. ದೋಣಿ ಗೋಡೆಗೆ ಪೂರ್ತಿ ಒರಗಿ ನಿಲ್ಲಲ್ಲ, ಹಾಗಾಗಿ ಹಿಂದೆ ಒಬ್ಬರು, ಮುಂದೆ ಒಬ್ಬರು ಹಗ್ಗ ಹಿಡಿದು ನಿಲ್ಲಲೇಬೇಕು. ಹಗ್ಗ ಸಿಕ್ಕಿಕೊಂಡರೆ ಕತ್ತರಿಸೋಕೆ ಒಂದು ಚಾಕುವೂ ಕೈಗೆಟುಕುವಂತಿರಲಿ.

ಪೂರ್ತಿ ಕಾಲುವೆ ಮುಗಿಸುವ ಆಸೆ ಬಿಡಿ. ಮೊದಲ ಸಲ ಅಲ್ವಾ? ಅರ್ಜಾನ್ಸ್‌ನಿಂದ ಬೆಜಿಯೇ ಹತ್ತಿರದ ಫೊನ್ಸೆರಾನ್‌ವರೆಗೆ ಹೋಗಿ. 54 ಕಿ.ಮೀ. ಉದ್ದಕ್ಕೂ ಒಂದೂ ಲಾಕ್ ಇಲ್ಲ. ಲ ಸೊಮಾಯ್‌ನಲ್ಲಿ ರಾತ್ರಿ ನಿಲ್ಲಿ, ಕಾಪೆಸ್ತಾಂಗ್‌ನ ತಗ್ಗು ಸೇತುವೆಯಡಿ ತಲೆ ಬಗ್ಗಿಸಿ, ಮಾಲ್ಪಾ ಸುರಂಗ ನೋಡಿ. ನಾನು ಎರಡನೇ ಸಲ ಹಾಗೇ ಹೋದೆ, ಬಾಮೈದನೂ ಬಂದಿದ್ದ. ಫೊನ್ಸೆರಾನ್‌ನಲ್ಲಿ ಮೆಟ್ಟಿಲಿನಂತೆ ಸಾಲಾಗಿ ಲಾಕ್‌ಗಳಿವೆ. ದೋಣಿಯನ್ನು ಲಾಕ್‌ಗಳಿಗಿಂತ ಮೊದಲೇ ದಡಕ್ಕೆ ಕಟ್ಟಿ, ಒಂದು ಮಧ್ಯಾಹ್ನ ಸುಮ್ನೆ ದಡದಲ್ಲಿ ನಿಂತು ನೋಡಿ. ಹಗ್ಗ ಹಿಡಿದವರ ಕೈಯನ್ನೇ ನೋಡಿ.